ಚಿತ್ರದಲ್ಲಿ ಕಾಣದ ಮೀನು

ಕಲೆಗೂ ನೀತಿಗೂ ಸಂಬಂಧವಿಲ್ಲವೆಂಬ ಮಾತು ಸುಶಿಕ್ಷಿತರ ಗೋಷ್ಠಿಗಳಲ್ಲಿ ಪ್ರಶ್ನಾತೀತ ಸತ್ಯದಂತೆ ಸಂಚರಿಸುತ್ತಿದೆ. ವರ್ಣವನ್ನು ನೋಡಿ, ರೇಖೆಯನ್ನು ನೋಡಿ, ಬೆಳಕನ್ನು ನೋಡಿ. ಚಿತ್ರದೊಳಗೆ ನಡೆಯುತ್ತಿರುವ ಕಾರ್ಯವನ್ನು ಮಾತ್ರ ವಿಚಾರಿಸಬೇಡಿ ಎಂಬುದು ಈ ಪಂಥದ ಉಪದೇಶ. ಇದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಒಂದು ಪ್ರಸಿದ್ಧ ಚಿತ್ರದ ಮೇಲೆಯೇ ಪರೀಕ್ಷಿಸಬಹುದು.

ಫ್ರಾನ್ಸಿನ ಕ್ಲೋದ್ ಮೊನೆ 1881ರ ಡಿಸೆಂಬರಿನಿಂದ 1883ರ ಏಪ್ರಿಲ್‌ವರೆಗೆ ಸೇನ್ ನದಿಯ ದಡದ ಪ್ವಾಸಿ ಎಂಬ ಊರಿನಲ್ಲಿ ವಾಸವಾಗಿದ್ದನು. ಅಲ್ಲಿ 1882ರಲ್ಲಿ ಅವನು ರಚಿಸಿದ ಗಾಳಗಾರರ ಚಿತ್ರವೊಂದು ಈಗ ವಿಯೆನ್ನಾದ ಬೆಲ್ವೆಡೇರ್ ಸಂಗ್ರಹಾಲಯದಲ್ಲಿದೆ. ನೋಟ ಎತ್ತರದಿಂದ ಕೆಳಗಿಳಿಯುತ್ತದೆ; ಆಕಾಶಕ್ಕೆ ಎಡೆಯಿಲ್ಲ, ಎಲ್ಲೆಲ್ಲೂ ನೀರು. ದೋಣಿಗಳಲ್ಲಿ ಕುಳಿತವರು ಉದ್ದನೆಯ ಗಾಳದ ಕೋಲುಗಳನ್ನು ಚಾಚಿದ್ದಾರೆ. ಇವರು ಹೊಟ್ಟೆಪಾಡಿಗಾಗಿ ಬಲೆ ಬೀಸುವ ಬೆಸ್ತರಂತೆ ತೋರುವುದಿಲ್ಲ. ಗಾಳ ಹಾಕಿ ಕೂರುವುದು ಆ ಕಾಲದ ಫ್ರಾನ್ಸಿನಲ್ಲಿ ಬಿಡುವಿನ ಜನಪ್ರಿಯ ವಿನೋದವಾಗಿತ್ತು.

ಇಂತಹ ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಎಷ್ಟು ಪ್ರಶಾಂತ!' ಈ ಪ್ರಶಾಂತಿ ಯಾರದು? ದೋಣಿಯಲ್ಲಿ ಕುಳಿತವನದು, ನೋಡುವ ನಮ್ಮದು. ನೀರಿನೊಳಗೆ ಗಾಳವನ್ನು ನುಂಗಿ ಹೊರಳಾಡುವ ಜೀವದ್ದಂತೂ ಅಲ್ಲ. ಅದೇ ಬೆಳಕಿನಲ್ಲಿ, ಅದೇ ಕುಂಚದಿಂದ, ಉರುಳಿಗೆ ಸಿಕ್ಕಿದ ಜಿಂಕೆಯನ್ನು ಬರೆದಿದ್ದರೆ ಶಾಂತವೆನ್ನಲು ನಮ್ಮ ನಾಲಿಗೆ ತಡವರಿಸುತ್ತಿತ್ತು. ಜಿಂಕೆಗೆ ಕೂಗಿದೆ, ಕಣ್ಣೀರಿದೆ. ಮೀನಿನ ಕೂಗು ನಮ್ಮ ಕಿವಿಗೆ ಬೀಳುವುದಿಲ್ಲ. ನಮ್ಮ ಕಿವಿಯ ಮಿತಿಯನ್ನೇ ಲೋಕದ ಶಾಂತಿಯೆಂದು ಕರೆಯುವುದು ರಸಿಕತೆಯಲ್ಲ, ಪ್ರಮಾದ.

ಅಮೆರಿಕದ ವಿನ್ಸ್‌ಲೋ ಹೋಮರ್ 1885ರಲ್ಲಿ ಬರೆದ, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿರುವ, ಮಂಜಿನ ಮುನ್ಸೂಚನೆಯ ಚಿತ್ರವನ್ನು ಇದರ ಪಕ್ಕದಲ್ಲಿಡಿ. ಅಲ್ಲಿ ಒಬ್ಬಂಟಿಗ ಮೀನುಗಾರ ಕಡಲಲ್ಲಿ ದೋಣಿ ಹುಟ್ಟುಹಾಕುತ್ತಾ, ದೂರದ ಹಡಗಿನತ್ತ ತಿರುಗಿ ನೋಡುತ್ತಿದ್ದಾನೆ. ದಿಗಂತದಲ್ಲಿ ಮಂಜು ಕವಿಯುತ್ತಿದೆ. ದೋಣಿಯೊಳಗೆ ದೊಡ್ಡ ಹ್ಯಾಲಿಬಟ್ ಮೀನುಗಳು ಬಿದ್ದಿವೆ. ಹೋಮರನು ಬೆಲೆಯನ್ನು ಮುಚ್ಚಿಡಲಿಲ್ಲ: ಹಿಡಿದವನ ಪ್ರಾಣಭಯವೂ ಹಿಡಿಯಲ್ಪಟ್ಟವುಗಳ ಮರಣವೂ ಒಂದೇ ದೋಣಿಯಲ್ಲಿವೆ. ಆ ಬಡವನ ದುಡಿಮೆಯನ್ನು ನಾವು ಅನುಸರಿಸಲಾರೆವು. ಆದರೆ ಅವನನ್ನು ಹಳಿಯುವ ಅಧಿಕಾರ ಉಂಡು ಕುಳಿತ ನಮಗಿಲ್ಲ. ಹಸಿವಿಗಾಗಿ ಕೊಲ್ಲುವವನಿಗಿಂತ ಹೊತ್ತು ಹೋಗದೆ ಕೊಲ್ಲುವವನ ಹೊಣೆ ದೊಡ್ಡದು. ವಿಚಿತ್ರವೆಂದರೆ, ನಾವು ಮೊದಲನೆಯವನ ಬುಟ್ಟಿಯನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತೇವೆ, ಎರಡನೆಯವನ ಚಿತ್ರಕ್ಕೆ ಚೌಕಟ್ಟು ಹಾಕಿಸುತ್ತೇವೆ.

ಗಾಳಗಾರರು ಎಷ್ಟೋ ಸಲ ಬರಿಗೈಯಲ್ಲಿ ಮರಳುತ್ತಾರೆ, ಅದು ಕೇವಲ ಧ್ಯಾನವೆಂದು ಕೆಲವರ ವಾದ. ರಾಷ್ಟ್ರಕೂಟರ ಕಾಲದ ಸೋಮದೇವಸೂರಿ 959ರಲ್ಲಿ ಮುಗಿಸಿದ 'ಯಶಸ್ತಿಲಕ'ದಲ್ಲಿ ಧೀವರ ಮತ್ತು ಕರ್ಷಕರ ದೃಷ್ಟಾಂತದಿಂದ ಇದಕ್ಕೆ ಉತ್ತರವಿತ್ತಿದ್ದಾನೆ. ಉಳುವವನ ನೇಗಿಲಿಗೆ ಜೀವಗಳು ಸಿಕ್ಕರೂ ಅವನ ಅಭಿಪ್ರಾಯ ಬೆಳೆಯಲ್ಲಿದೆ. ಮೀನುಗಾರನಿಗೆ ಒಂದೂ ಸಿಕ್ಕದಿದ್ದರೂ ಅವನ ಅಭಿಪ್ರಾಯ ಕೊಲೆಯಲ್ಲಿದೆ. ಖಾಲಿ ಬುಟ್ಟಿ ದೋಷಮುಕ್ತಿಯ ಪತ್ರವಲ್ಲ.

ಮೀನಿಗೆ ನೋವೇ ಇಲ್ಲವೆಂಬುದು ಇನ್ನೊಂದು ಸಮಾಧಾನ. ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನಿನ ತಲೆಯಲ್ಲಿ ಹಾನಿಯನ್ನು ಗ್ರಹಿಸುವ ನರಾಗ್ರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಆ ಮೀನುಗಳು ತುಟಿಯನ್ನು ತೊಟ್ಟಿಯ ತಳದ ಕಲ್ಲುಗಳಿಗೆ ಉಜ್ಜಿದವು. ಅದನ್ನು ನೋವೆಂದು ಕರೆಯಲು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ಸಂದೇಹವಿರುವಲ್ಲಿ ಅದರ ಲಾಭವನ್ನು ಗಾಳಕ್ಕೆ ಕೊಡಬೇಕೋ, ಗಾಳಕ್ಕೆ ಸಿಕ್ಕಿದ ತುಟಿಗೆ ಕೊಡಬೇಕೋ?

'ಅದು ಬರಿಯ ಬಣ್ಣವಲ್ಲವೇ?' ಎಂಬುದು ಕಡೆಯ ಆಕ್ಷೇಪ. ಯಶೋಧರನು ಬಲಿಯಿತ್ತದ್ದೂ ಬರಿಯ ಹಿಟ್ಟಿನ ಕೋಳಿಯನ್ನೇ. ಅದರ ಫಲವಾಗಿ ತಿರ್ಯಂಚ ಜನ್ಮಗಳಲ್ಲಿ ತೊಳಲಿದ ಅವನು ಒಂದು ಭವದಲ್ಲಿ ಮೀನಾಗಿಯೂ ಹುಟ್ಟಿದನೆಂಬುದನ್ನು ಜನ್ನನ ನಾಡಿನವರಿಗೆ ನೆನಪಿಸಬೇಕಾಗಿಲ್ಲ. ಚಿತ್ರ ನೋಡುವವನು ಬಲಿಯಿಟ್ಟವನಂತಲ್ಲ, ನಿಜ. ಆದರೆ ಪ್ರತಿಕೃತಿಯ ಮುಂದೆಯೂ ಮನಸ್ಸು ಕರ್ಮ ಮಾಡುತ್ತದೆಂಬುದೇ ಆ ಕಥೆಯ ತಿರುಳು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಮೊದಲ ಎರಡರಿಂದ ದೂರವುಳಿದವರು ಮೂರನೆಯದಕ್ಕೆ ಕಲೆಯ ಹೆಸರಿನಲ್ಲಿ ಬಾಗಿಲು ತೆರೆದಿಡಬಾರದು.

ಹಾಗೆಂದು ಚಿತ್ರಗಳನ್ನು ಸುಡಬೇಕೆಂದಾಗಲಿ, ಗೋಡೆಗೆ ತಿರುಗಿಸಬೇಕೆಂದಾಗಲಿ ಹೇಳುವವರ ಪಕ್ಷವೂ ನಮ್ಮದಲ್ಲ. ನೀರಿನ ಮೇಲಣ ಬೆಳಕನ್ನು ಮೊನೆಯಂತೆ ಕಂಡವರು ವಿರಳ. ಆ ಕಾಣ್ಕೆಗೆ ಗೌರವ ಸಲ್ಲಲೇಬೇಕು. ನಮ್ಮ ತಕರಾರು ಅವನ ಕುಂಚದ ಮೇಲಲ್ಲ, ನಮ್ಮ ಶಬ್ದದ ಮೇಲೆ. ಸುಂದರವೆನ್ನಿ, ಕುಶಲವೆನ್ನಿ, ಶಾಂತವೆನ್ನಬೇಡಿ. ಕ್ಯಾಲೆಂಡರಿನ ಹೊಳೆಯ ದೃಶ್ಯವನ್ನು ಮಕ್ಕಳು ಮೆಚ್ಚಿ ನೋಡುವಾಗ ಹಿರಿಯರು ಒಂದೇ ಒಂದು ಪ್ರಶ್ನೆಯನ್ನು ಕೇಳಲಿ: 'ಆ ದಾರದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ?' ಆ ಪ್ರಶ್ನೆಯಿಂದ ಚಿತ್ರಕ್ಕೆ ನಷ್ಟವಿಲ್ಲ. ಮಗುವಿನ ದೃಷ್ಟಿ ನೀರಿನ ಮೇಲ್ಮೈಯಿಂದ ಆಳಕ್ಕಿಳಿಯುತ್ತದೆ.