ವಾರಕ್ಕೊಂದು ಗಂಟೆಯ ನೆಂಟಸ್ತಿಕೆ

ಪ್ರತಿವರ್ಷ ಅಕ್ಟೋಬರ್ 1 ಬಂತೆಂದರೆ ಅನೇಕ ವೃದ್ಧಾಶ್ರಮಗಳ ಅಂಗಳ ಒಮ್ಮೆಲೇ ತುಂಬಿಕೊಳ್ಳುತ್ತದೆ. ವಿಶ್ವಸಂಸ್ಥೆಯು ಆ ದಿನವನ್ನು ಹಿರಿಯರ ಅಂತಾರಾಷ್ಟ್ರೀಯ ದಿನವೆಂದು 1990ರಲ್ಲಿ ಸಾರಿತು. ಅಂದಿನಿಂದ ಬೆಳೆದುಬಂದ ರೂಢಿಯಿದು. ಶಾಲಾಕಾಲೇಜುಗಳ ಮಕ್ಕಳು ಬರುತ್ತಾರೆ, ಹಣ್ಣುಹಂಪಲು ಹಂಚುತ್ತಾರೆ. ಎರಡು ಹಾಡು, ಒಂದು ಭಾಷಣ, ಒಂದು ಛಾಯಾಚಿತ್ರ. ಸಂಜೆಯೊಳಗೆ ವಾಹನ ಹೊರಟುಹೋಗುತ್ತದೆ. ಮರುದಿನದಿಂದ ಆ ಜಗಲಿಯಲ್ಲಿ ಕುಳಿತವರನ್ನು ‘ಊಟವಾಯಿತೇ ಅಜ್ಜಿ?’ ಎಂದು ಕೇಳುವವರು ಯಾರು? ಓದುಗ ಬಂಧುಗಳೊಡನೆ ಈ ತಿಂಗಳು ವಿಚಾರ ಮಾಡಬೇಕೆಂದಿರುವುದು ಆ ಮರುದಿನಗಳನ್ನು ಕುರಿತು.

ವೃದ್ಧಾಶ್ರಮವೆಂಬ ಮಾತು ಕಿವಿಗೆ ಬಿದ್ದೊಡನೆ ಮಕ್ಕಳನ್ನು ಹಳಿಯುವುದು ನಮ್ಮಲ್ಲಿ ವಾಡಿಕೆ. ಹಳಿಯಲು ಕಾರಣವಿರುವ ಸಂದರ್ಭಗಳೂ ಇಲ್ಲದಿಲ್ಲ. ಆದರೆ ಅಲ್ಲಿರುವವರಲ್ಲಿ ಮಕ್ಕಳಿಲ್ಲದವರುಂಟು, ಮಕ್ಕಳನ್ನು ಕಳೆದುಕೊಂಡವರುಂಟು, ಮದುವೆಯಿಲ್ಲದೆ ಅಣ್ಣತಮ್ಮಂದಿರ ಸಂಸಾರಕ್ಕಾಗಿ ದುಡಿದು ಕೊನೆಗೆ ಒಂಟಿಯಾದವರುಂಟು. ಕೊಲ್ಲಿ ನಾಡಿನಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಮಗ ತಿಂಗಳು ತಿಂಗಳೂ ತಪ್ಪದೆ ಹಣ ಕಳುಹಿಸುತ್ತಿರುವವರೂ ಉಂಟು. 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು ನೂರಕ್ಕೆ 8.6ರಷ್ಟಿದ್ದರೆ ಕೇರಳದಲ್ಲಿ 12.6ರಷ್ಟಿದ್ದರು, ದೇಶದಲ್ಲಿಯೇ ಅದು ಅತಿ ಹೆಚ್ಚಿನ ಪ್ರಮಾಣ. ತರುಣರು ಹೊರಗೆ ಹೋಗಿ ದುಡಿಯುವ, ಹಿರಿಯರು ಊರಿನಲ್ಲಿ ಉಳಿಯುವ ಈ ನಾಡಿನಲ್ಲಿ ಕಾಸರಗೋಡು, ಮಂಜೇಶ್ವರಗಳ ನಮ್ಮ ಕನ್ನಡ ಕುಟುಂಬಗಳೂ ಬಾಳುತ್ತಿವೆ ಎಂಬುದನ್ನು ನಾವು ಮರೆಯುವಂತಿಲ್ಲ.

2007ರಲ್ಲಿ ಅಂಗೀಕಾರವಾದ ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮದ ಕಾನೂನು, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಸಾಕಾಗುವ ವಸತಿಗಳನ್ನು ರಾಜ್ಯ ಸರಕಾರಗಳು ಸ್ಥಾಪಿಸಬಹುದೆಂದು ಹೇಳಿತು. ಕಾನೂನು ಸೂರು ಕೊಡಿಸಬಲ್ಲುದು, ಅನ್ನ ಕೊಡಿಸಬಲ್ಲುದು, ಮದ್ದು ಕೊಡಿಸಬಲ್ಲುದು. ಮಾತಿನ ಜೊತೆಯನ್ನು ಯಾವ ಕಾನೂನು ಕೊಡಿಸೀತು?

ಆ ಜೊತೆಯಿಲ್ಲದಿರುವುದು ಬರಿಯ ಮನಸ್ಸಿನ ಬೇಸರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯಂತೆ ಲೋಕದಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಅದಕ್ಕೆ ಸಂಬಂಧಿಸಿದ ಸಾವುಗಳು ವರ್ಷಕ್ಕೆ 8,71,000ಕ್ಕೂ ಮಿಕ್ಕಿವೆಯೆಂದು ಅಂದಾಜು. ಅದೇ ವರದಿಯಲ್ಲಿ ನಮ್ಮನ್ನು ಬೆರಗುಗೊಳಿಸುವ ಇನ್ನೊಂದು ಸಂಗತಿಯಿದೆ. ಹದಿಮೂರರಿಂದ ಇಪ್ಪತ್ತೊಂಬತ್ತು ವರ್ಷದವರಲ್ಲಿ ನೂರಕ್ಕೆ 17ರಿಂದ 21 ಮಂದಿ ತಾವು ಒಂಟಿಯೆಂದು ಹೇಳಿಕೊಂಡಿದ್ದಾರೆ. ಜಗಲಿಯ ಮೇಲೆ ಕುಳಿತ ಅಜ್ಜನಿಗೂ ವಸತಿನಿಲಯದ ಕೋಣೆಯಲ್ಲಿ ಮೊಬೈಲು ಹಿಡಿದು ಕುಳಿತ ಹುಡುಗನಿಗೂ ಇರುವ ಕೊರತೆ ಒಂದೇ ಎಂದಾಯಿತು. ಆದುದರಿಂದ ಇವರಿಬ್ಬರನ್ನು ಕೂಡಿಸುವ ಕೆಲಸವನ್ನು ದಾನವೆಂದು ಭಾವಿಸಲಾಗದು; ಅದು ಪರಸ್ಪರ ಸಹಾಯ.

ಗಡಿಯಾಚೆಯ ಕನ್ನಡಿಗರಾದ ನಮ್ಮ ಪಾಲಿಗೆ ಈ ಒಂಟಿತನಕ್ಕೆ ಮತ್ತೊಂದು ಮುಖವಿದೆ. ನಮ್ಮ ಹಿರಿಯರೊಬ್ಬರು ದೂರದ ಆಶ್ರಮವೊಂದರಲ್ಲಿ ಆಸರೆ ಪಡೆದರೆಂದು ಭಾವಿಸೋಣ. ಅಲ್ಲಿನ ದಾದಿಯರ ಮಾತು ಮಲಯಾಳ, ಗೋಡೆಯ ಮೇಲಣ ಬರಹ ಮಲಯಾಳ, ದಿನಪತ್ರಿಕೆ ಮಲಯಾಳ. ಅವರೆಲ್ಲ ಅಕ್ಕರೆಯಿಂದಲೇ ನೋಡಿಕೊಳ್ಳುತ್ತಿರಬಹುದು. ಹಿರಿಯರಿಗೂ ಪೇಟೆಯ ವ್ಯವಹಾರಕ್ಕೆ ಸಾಕಾಗುವಷ್ಟು ಮಲಯಾಳ ಬರುತ್ತಿರಬಹುದು. ಆದರೆ ಮರೆವಿನ ಕಾಯಿಲೆ ತಗುಲಿದಾಗ ಎಷ್ಟೋ ಮಂದಿಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯಲ್ಲಿ ತಾಯಿ ಆಡಿದ ನುಡಿಯೇ ಕೊನೆಯವರೆಗೆ ಉಳಿಯುತ್ತದೆ. ಬಾಯಾರಿಕೆಯೆಂದು ಹೇಳಿದರೂ ಅರ್ಥವಾಗದ ಕಡೆ ಮುಪ್ಪನ್ನು ಕಳೆಯುವುದು ಎಂತಹ ಸಂಕಟ! ಅಂತಹವರ ಬಳಿ ಕುಳಿತು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹತ್ತು ಮಾತನಾಡಬಲ್ಲ ಹುಡುಗಿ, ಹತ್ತು ಬುಟ್ಟಿ ಹಣ್ಣಿಗಿಂತ ಹಿರಿದಾದುದನ್ನು ಕೊಟ್ಟಂತಾಯಿತು.

ವಿದ್ಯಾರ್ಥಿಗಳಿಂದ ಇದು ನಡೆದೀತೇ ಎಂದು ಸಂದೇಹಪಡುವವರಿಗೆ ನೆದರ್ಲೆಂಡ್ಸ್ ದೇಶದ ಡೆವೆಂಟರ್ ನಗರದ ಉದಾಹರಣೆಯನ್ನು ಹೇಳಬಹುದು. ಅಲ್ಲಿನ ಹ್ಯೂಮಾನಿಟಾಸ್ ಎಂಬ ವೃದ್ಧರ ವಸತಿಯು 2012ರ ಸುಮಾರಿಗೆ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡಲಾರಂಭಿಸಿತು. ಪ್ರತಿಯಾಗಿ ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು ಎಂಬುದೇ ಕರಾರು. ಅವರು ಔಷಧಿ ಕೊಡುವವರಲ್ಲ, ಮೀಯಿಸುವವರಲ್ಲ. ಜೊತೆಯಲ್ಲಿ ಉಣ್ಣುತ್ತಾರೆ, ಆಟ ನೋಡುತ್ತಾರೆ, ಕಾಯಿಲೆ ಬಿದ್ದವರ ಬಳಿ ಕುಳಿತುಕೊಳ್ಳುತ್ತಾರೆ. ಸೇವಕರೆಂದಲ್ಲ, ನೆರೆಯವರೆಂದು ಕರೆದುದರಲ್ಲಿಯೇ ಆ ಏರ್ಪಾಡಿನ ಗುಟ್ಟಿದೆ.

ನಮ್ಮಲ್ಲಿ ಹೊಸ ಸಂಸ್ಥೆಯನ್ನು ಕಟ್ಟಬೇಕಾಗಿಯೂ ಇಲ್ಲ. ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ನಮ್ಮ ಕಾಲೇಜುಗಳಲ್ಲಿಯೂ ಹೈಯರ್ ಸೆಕೆಂಡರಿ ಶಾಲೆಗಳಲ್ಲಿಯೂ ಉಂಟು. ಕಾಲೇಜಿನ ಸ್ವಯಂಸೇವಕನೊಬ್ಬ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕೆಂಬುದು ಅದರ ನಿಯಮ. ವಾರಕ್ಕೊಂದು ಗಂಟೆಯೆಂದರೆ ವರ್ಷಕ್ಕೆ 52 ಗಂಟೆ. ನಿಯಮದ ಅರ್ಧಕ್ಕಿಂತಲೂ ಕಡಿಮೆ. ಇಷ್ಟನ್ನು ಹಿರಿಯರೊಬ್ಬರಿಗೆ ಮೀಸಲಿಡುವುದು ಕಷ್ಟವಾಗಲಾರದು.

ಹೋಗುವ ಮಕ್ಕಳಿಗೆ ಮನೆಯವರು ಹೇಳಿಕೊಡಬೇಕಾದ ಕೆಲವು ಮಾತುಗಳಿವೆ. ಆಶ್ರಮದ ಮೇಲ್ವಿಚಾರಕರ ಅನುಮತಿಯಿರಲಿ; ಅದಕ್ಕಿಂತ ಮೊದಲು ಆ ಹಿರಿಯರ ಒಪ್ಪಿಗೆಯಿರಲಿ. ಇಪ್ಪತ್ತು ಮಂದಿ ಒಂದು ದಿನ ಹೋಗುವುದಕ್ಕಿಂತ ಒಬ್ಬರು ಇಪ್ಪತ್ತು ವಾರ ಒಬ್ಬರ ಬಳಿಗೇ ಹೋಗುವುದು ಮೇಲು. ವಾರವೂ ಗಂಟೆಯೂ ಬದಲಾಗದಿರಲಿ. ಕಾಯುವುದಕ್ಕೆ ಒಂದು ದಿನವಿದೆಯೆಂಬುದೇ ಒಂಟಿ ಜೀವಕ್ಕೆ ದೊಡ್ಡ ಆಸರೆ. ಪರೀಕ್ಷೆಯ ನಿಮಿತ್ತ ತಪ್ಪುವುದಿದ್ದರೆ ಮುಂದಾಗಿ ತಿಳಿಸಬೇಕು. ಓದು ಮುಗಿಸಿ ಊರು ಬಿಡುವಾಗ ಹೇಳದೆ ಹೋಗಬಾರದು. ಕಿರಿಯ ತರಗತಿಯ ಒಬ್ಬರನ್ನು ಕರೆತಂದು ಪರಿಚಯಿಸಿ ಹೋಗಬೇಕು. ಸಿಹಿತಿಂಡಿ ಒಯ್ಯುವ ಮೊದಲು ಸಕ್ಕರೆ ಕಾಯಿಲೆ ಉಂಟೋ ಎಂದು ವಿಚಾರಿಸಬೇಕು. ಮಕ್ಕಳೇಕೆ ಬರುವುದಿಲ್ಲವೆಂದು ಕೆದಕಿ ಕೇಳಬಾರದು. ಕೇಳದೆ ಛಾಯಾಚಿತ್ರ ತೆಗೆಯಬಾರದು. ಹಿರಿಯರಿಗೆ ಹಿಂಸೆಯಾಗುತ್ತಿದೆಯೆಂಬ ಅನುಮಾನ ಬಂದರೆ ಹುಡುಗರು ತಾವೇ ಜಗಳಕ್ಕೆ ನಿಲ್ಲದೆ ಅಧ್ಯಾಪಕರಿಗೆ ತಿಳಿಸಲಿ. ಹಿರಿಯ ನಾಗರಿಕರ ಸಹಾಯವಾಣಿಯಾದ 14567 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಎಲ್ಲಕ್ಕಿಂತ ಮುಖ್ಯವಾದುದು, ಬರಿಗೈಯಲ್ಲಿ ಹೋಗಿ ಏನನ್ನಾದರೂ ಕೇಳುವುದು. ‘ನಿಮಗೇನು ಬೇಕು?’ ಎಂದು ಕೇಳುವವರು ಆಶ್ರಮಕ್ಕೆ ಬಹಳ ಮಂದಿ ಬರುತ್ತಾರೆ. ‘ನನಗೆ ಇದನ್ನು ಹೇಳಿಕೊಡುವಿರಾ?’ ಎಂದು ಕೇಳುವವರು ವಿರಳ. ಪತ್ರೊಡೆಗೆ ಅಕ್ಕಿ ಹೇಗೆ ಕಡೆಯಬೇಕು, ಚೆನ್ನೆಮಣೆಯ ಆಟವೆಂತು, ಪಾರ್ತಿಸುಬ್ಬನ ಪ್ರಸಂಗದ ಆ ಪದ್ಯದ ಅರ್ಥವೇನು? ಹೀಗೆ ಕೇಳಿದ ಕ್ಷಣದಲ್ಲಿ ಅಲ್ಲಿರುವುದು ಅನಾಥ ವೃದ್ಧೆಯಲ್ಲ, ಗುರು. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತ ಮನೆನುಡಿಯಲ್ಲಿ ತಡವರಿಸುವ ನಮ್ಮ ಮಕ್ಕಳಿಗೆ ಇಂತಹ ಗುರು ಬೇರೆಲ್ಲಿ ಸಿಕ್ಕಾರು?

ಇದನ್ನು ಮುಂದೂಡಲಾಗದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅಂದು ಮನೆಯ ಹಿರಿಯರು ಏನು ಮಾತನಾಡಿಕೊಂಡರು, ಶಾಲೆಯಲ್ಲಿ ಏನು ಬದಲಾಯಿತು ಎಂಬುದನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ಅದು. ಗಡಿಯ ಕಥೆಯನ್ನು ಪುಸ್ತಕಗಳು ಹೇಳಿಯಾವು; ಗಡಿ ಬದಲಾದ ದಿನ ಒಬ್ಬ ಬಾಲಕಿಗೆ ಏನನ್ನಿಸಿತೆಂಬುದನ್ನು ಆಕೆಯೇ ಹೇಳಬೇಕು. ಕೇಳುವವರು ಬರದೆ ಹೋದರೆ ಆಕೆಯೊಡನೆ ಆ ನೆನಪೂ ಮುಗಿಯಿತು.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ತಿಂಗಳು ಇದರ ಪ್ರಸ್ತಾಪವಾಗಲಿ. ಆಶ್ರಮ ಹತ್ತಿರವಿಲ್ಲದಿದ್ದರೆ ನೆರೆಮನೆಯಲ್ಲಿಯೇ ಒಂಟಿಯಾಗಿರುವ ಅಜ್ಜನಿಂದ ಆರಂಭವಾಗಲಿ. ವಾರದ 168 ಗಂಟೆಗಳಲ್ಲಿ ಒಂದನ್ನಷ್ಟೇ ಕೊಟ್ಟರೆ ಸಾಕು. ಉಳಿದ ಗಂಟೆಗಳನ್ನು ಅವರು ಅದನ್ನೇ ನೆನೆಯುತ್ತ ಕಳೆದಾರು.