ವೇಗಕ್ಕಿಂತ ಮೊದಲು ಹೊಂದಾಣಿಕೆ

ಹೊಸಪೇಟೆಯಿಂದ ಹೊರಟು ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರನ್ನು ಸೇರುವ ರೈಲುದಾರಿಯು ಮೊದಲು ಮೀಟರ್ ಗೇಜಿನದಾಗಿದ್ದು, ತರುವಾಯ ಬ್ರಾಡ್ ಗೇಜಿಗೆ ಮಾರ್ಪಟ್ಟುದನ್ನು ಈ ಸೀಮೆಯ ಹಿರಿಯರು ಕಣ್ಣಾರೆ ಕಂಡವರು. 1000 ಮಿಲಿಮೀಟರ್ ಅಂತರದ ಹಳಿಗಾಗಿ ನಿರ್ಮಿತವಾದ ಗಾಡಿಯು, ಅದರ ಎಂಜಿನ್ ಎಂತಹ ಬಲಶಾಲಿಯಾದುದಾದರೂ, 1676 ಮಿಲಿಮೀಟರ್ ಅಂತರದ ಹಳಿಯ ಮೇಲೆ ಒಂದು ಮಾರು ದೂರವೂ ಚಲಿಸಲಾರದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಲ್ಯಾಪ್‌ಟಾಪಿಗೋ ಕಂಪ್ಯೂಟರಿಗೋ ಒಂದು ವೈಫೈ ಕಾರ್ಡು ಬೇಕಾಗಿ ಅಂಗಡಿಯ ಮೆಟ್ಟಿಲೇರಿದಾಗ, ಇದೇ ವಿವೇಕವನ್ನು ಹೊರಗಿಟ್ಟು, ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ ವೇಗದ ಅಂಕಿಯೊಂದನ್ನೇ ನೋಡಿ ಹಣ ಕೊಟ್ಟು ಬರುವ ರೂಢಿ ನಮ್ಮಲ್ಲಿ ಬೇರೂರಿದೆ. ವೇಗವನ್ನು ವಿಚಾರಿಸುವುದಕ್ಕೆ ಮುನ್ನ ಹೊಂದಾಣಿಕೆಯನ್ನು ವಿಚಾರಿಸಬೇಕು. ಆ ವಿಚಾರಣೆಗೆ ಆವಶ್ಯಕವಾದ ಸಂಗತಿಗಳನ್ನು ಕೊಳ್ಳುವವನ ಭಾಷೆಯಲ್ಲಿ ತಿಳಿಸುವುದು ಮಾರುವವನ ಹೊಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಳ್ಳುವವರನ್ನು ಬಹಳವಾಗಿ ವಂಚಿಸುವುದು ಕಾರ್ಡಿನ ಬಾಹ್ಯಾಕಾರ. ಈಚಿನ ಲ್ಯಾಪ್‌ಟಾಪುಗಳಲ್ಲಿ ಎಂ.2 ಎಂಬ ಕಿರಿದಾದ ಸ್ಲಾಟ್ ಇರುತ್ತದೆ. ಇಂಟೆಲ್ ಸಂಸ್ಥೆಯ ಎಎಕ್ಸ್200 ಮತ್ತು ಎಎಕ್ಸ್201 ಎಂಬೆರಡು ಕಾರ್ಡುಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ, ಅಳತೆಯಲ್ಲಿಯೂ ಆಕಾರದಲ್ಲಿಯೂ ಅವಳಿಗಳಂತೆ ತೋರುವ ಅವೆರಡೂ ಆ ಸ್ಲಾಟಿನಲ್ಲಿ ನಿರಾಯಾಸವಾಗಿ ಕೂರುತ್ತವೆ. ಆದರೆ ಮೊದಲನೆಯದು ಸ್ವಯಂಪೂರ್ಣವಾದುದಾಗಿ ನಾನಾ ತಯಾರಿಕೆಯ ಯಂತ್ರಗಳಲ್ಲಿ ಕೆಲಸ ಮಾಡಬಲ್ಲುದಾದರೆ, ಎರಡನೆಯದರಲ್ಲಿ ರೇಡಿಯೋ ಭಾಗ ಮಾತ್ರವಿದ್ದು, ಉಳಿದ ಕಾರ್ಯಭಾರವೆಲ್ಲ ಅದಕ್ಕೆ ತಕ್ಕ ಇಂಟೆಲ್ ಚಿಪ್‌ಸೆಟ್ಟಿನೊಳಗೆ ನಡೆಯತಕ್ಕದ್ದಾದುದರಿಂದ, ಅಂತಹ ಚಿಪ್‌ಸೆಟ್ ಇಲ್ಲದ ಹಳೆಯ ಯಂತ್ರದಲ್ಲಾಗಲಿ ಎಎಂಡಿ ಪ್ರೊಸೆಸರಿನ ಯಂತ್ರದಲ್ಲಾಗಲಿ ಅದು ನಿರ್ಜೀವವಾಗಿ ಬಿದ್ದಿರುತ್ತದೆ. ಒಂದೇ ಒಂದು ಅಂಕಿಯ ವ್ಯತ್ಯಾಸದಿಂದ ಹಣ ವ್ಯರ್ಥವಾಗುವ ಈ ವಿಷಯವನ್ನು ಡಬ್ಬಿಯ ಮೇಲೆ ಎದ್ದು ಕಾಣುವಂತೆ ಅಚ್ಚು ಮಾಡದಿರುವುದು ಅನ್ಯಾಯವೆಂದೇ ಹೇಳಬೇಕು. ಇದರೊಡನೆ, ತಾವು ಅಂಗೀಕರಿಸಿದ ಕಾರ್ಡುಗಳ ವಿನಾ ಬೇರಾವುದನ್ನು ಹಾಕಿದರೂ ಯಂತ್ರವು ಏಳದಂತೆ ಬಯಾಸ್‌ನಲ್ಲಿಯೇ ನಿರ್ಬಂಧವಿಟ್ಟ ಲ್ಯಾಪ್‌ಟಾಪ್ ತಯಾರಕರೂ ಉಂಟು. ಇಂತಹ ಸಂದೇಹವಿರುವಲ್ಲಿ, ಯಂತ್ರವನ್ನು ಬಿಚ್ಚುವ ಗೋಜಿಲ್ಲದ ಯುಎಸ್‌ಬಿ ವೈಫೈ ಅಡಾಪ್ಟರೇ ಕ್ಷೇಮ. ಅದರ ಡ್ರೈವರ್ ತನ್ನ ಯಂತ್ರದ ವಿಂಡೋಸ್ ಅಥವಾ ಲಿನಕ್ಸ್ ಆವೃತ್ತಿಗೆ ದೊರೆಯುವುದೇ ಎಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿದಿರಬೇಕು.

ಇನ್ನು ತರಂಗಗಳ ಮಾತು. ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯ ಕಟ್ಟಿನಿಂದ ಬಿಡಿಸಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಮುಕ್ತ ಬಳಕೆಯನ್ನು ಬಹುವಾಗಿ ವಿಸ್ತರಿಸಿತು. ಈ ಎರಡರ ಸ್ವಭಾವವೂ ಭಿನ್ನ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಹಳ್ಳಿಗಾಡಿನಲ್ಲಿ ಇನ್ನೂ ಉಳಿದಿರುವ, ಕಲ್ಲು ಮಣ್ಣುಗಳ ದಪ್ಪ ಗೋಡೆಯ ಮಾಳಿಗೆ ಮನೆಗಳಲ್ಲಿ, ಪಡಸಾಲೆಯಲ್ಲಿಟ್ಟ ರೌಟರಿನ 5 ಗಿಗಾಹರ್ಟ್ಸ್ ತರಂಗವು ಅಡುಗೆಮನೆಯನ್ನು ಮುಟ್ಟುವಷ್ಟರಲ್ಲಿ ಕ್ಷೀಣಿಸುತ್ತದೆ, 2.4ರ ತರಂಗವು ಹೆಚ್ಚು ದೂರ ನಡೆದೀತು. ಆದರೆ ಅಂಗಡಿಗಳೂ ಮನೆಗಳೂ ಒತ್ತೊತ್ತಾಗಿರುವ ಪೇಟೆಯ ಬೀದಿಯಲ್ಲಿ, ಒಂದಕ್ಕೊಂದು ತಾಗದ ಚಾನೆಲುಗಳು ಮೂರೇ ಇರುವ ಆ 2.4ರ ಪಟ್ಟಿಯಲ್ಲಿ ನೆರೆಹೊರೆಯವರ ರೌಟರುಗಳೆಲ್ಲ ಏಕಕಾಲದಲ್ಲಿ ಮಾತನಾಡತೊಡಗುವುದರಿಂದ, ಅಲ್ಲಿ 5 ಗಿಗಾಹರ್ಟ್ಸೇ ಸುಖ. ಆದಕಾರಣ ಎರಡು ಪಟ್ಟಿಗಳಲ್ಲಿಯೂ ನಡೆಯುವ ಡ್ಯುಯಲ್ ಬ್ಯಾಂಡ್ ಕಾರ್ಡಿಗಿಂತ ಕಡಿಮೆಯದನ್ನು ಕೊಳ್ಳುವುದು ಇಂದು ಯುಕ್ತವಲ್ಲ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬಹುಕಾಲ ಬಂದ ಒಂದೇ ಪಟ್ಟಿಯ ಕಾರ್ಡುಗಳಿಗೆ 5 ಗಿಗಾಹರ್ಟ್ಸಿನ ಜಾಲವು ಕಣ್ಣಿಗೇ ಬೀಳುವುದಿಲ್ಲ.

ಇದೇ ಸಂದರ್ಭದಲ್ಲಿ, ಅಮೆರಿಕದಲ್ಲಿರುವ ಮಗನೋ ಮಗಳೋ ಊರಿಗೆ ಕಳುಹಿಸಿದ ಲ್ಯಾಪ್‌ಟಾಪುಗಳನ್ನು ಕುರಿತು ಒಂದು ಮಾತು ಹೇಳುವುದು ಆವಶ್ಯಕ. ಅಲ್ಲಿಯ ಬಳಕೆಗೆಂದು ಸಿದ್ಧವಾದ ಅನೇಕ ಕಾರ್ಡುಗಳು 2.4 ಗಿಗಾಹರ್ಟ್ಸಿನಲ್ಲಿ 1ರಿಂದ 11ರವರೆಗಿನ ಚಾನೆಲುಗಳನ್ನಷ್ಟೇ ಗುರುತಿಸುತ್ತವೆ. ನಮ್ಮಲ್ಲಿಯಾದರೋ 13ರವರೆಗೆ ಬಳಕೆಯುಂಟು. ರೌಟರು ತಾನಾಗಿಯೇ 12ನ್ನೋ 13ನ್ನೋ ಆರಿಸಿಕೊಂಡ ದಿನ ಮನೆಯ ಮೊಬೈಲುಗಳೆಲ್ಲ ಸುಗಮವಾಗಿ ನಡೆಯುತ್ತಿದ್ದು, ಆ ಲ್ಯಾಪ್‌ಟಾಪಿಗೆ ಮಾತ್ರ ಜಾಲವೇ ಕಾಣದಾಗುತ್ತದೆ. ರೌಟರಿನ ಸೆಟ್ಟಿಂಗಿನಲ್ಲಿ ಚಾನೆಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿದರೆ ತೀರುವ ಈ ತೊಡಕಿಗಾಗಿ ಹೊಸ ಕಾರ್ಡನ್ನು ಕೊಳ್ಳುವುದು ಅನವಶ್ಯಕ ವೆಚ್ಚ.

ಡಬ್ಬಿಯ ಮೇಲಿನ ವೇಗದ ಅಂಕಿಯು ಹಲವು ವೇಳೆ ಎರಡು ಪಟ್ಟಿಗಳ ಪರಮಾವಧಿ ವೇಗಗಳನ್ನು ಕೂಡಿಸಿ ಬರೆದ ಮೊತ್ತ. ಮನೆಗೆ ಬರುವ ಫೈಬರ್ ಸಂಪರ್ಕವೇ 50 ಎಂಬಿಪಿಎಸ್‌ನದಾಗಿದ್ದರೆ, 2400ರ ಕಾರ್ಡು ಅಂತರ್ಜಾಲವನ್ನು ಒಂದು ಗುಲಗಂಜಿಯಷ್ಟೂ ಹಿಗ್ಗಿಸಲಾರದು. ಹೊಸ ಕಾರ್ಡು ಹಳೆಯ ರೌಟರಿನೊಡನೆ ಹಳೆಯದರ ವೇಗದಲ್ಲಿ ಬೆರೆಯುವುದು ಸಾಮಾನ್ಯವಾದ ನಿಯಮ, 2009ರ 802.11ಎನ್ ರೌಟರಿನ ಮುಂದೆ ವೈಫೈ 6ರ ಕಾರ್ಡು ಎನ್ ಕಾರ್ಡಿನಂತೆಯೇ ನಡೆಯುತ್ತದೆ. ಭದ್ರತೆಯ ವಿಷಯದಲ್ಲಿ ಮಾತ್ರ ಇಂತಹ ರಾಜಿ ಸಲ್ಲದು. ಡಬ್ಲ್ಯುಇಪಿ ಎಂಬ ಮೊದಲ ಬೀಗವನ್ನು ಒಡೆಯುವ ಬಗೆಯು 2001ರಲ್ಲಿಯೇ ಬಯಲಾಯಿತು. ಅದೊಂದನ್ನೇ ಬಲ್ಲ ಕಾರ್ಡಿಗಾಗಿ ಇಡೀ ಮನೆಯ ಜಾಲವನ್ನು ಆ ಮಟ್ಟಕ್ಕೆ ಇಳಿಸುವುದಕ್ಕಿಂತ, 2004ರಲ್ಲಿ ಬಂದ ಡಬ್ಲ್ಯುಪಿಎ2ನ್ನಾದರೂ ತಿಳಿದ ಕಾರ್ಡನ್ನು ತರುವುದೇ ಸರಿಯಾದ ಮಾರ್ಗ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸರಕಿನ ಗುಣ, ಪ್ರಮಾಣ, ಮಾನಕ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಪೊಟ್ಟಣಗಳ ಮೇಲಿನ ವಿವರಗಳನ್ನು ಗೊತ್ತುಪಡಿಸಿದ 2011ರ ಕಾನೂನು ಮಾಪನ ನಿಯಮಗಳಾದರೋ ಆ ವಿವರಗಳು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಸಾಕೆನ್ನುತ್ತವೆ; ಇತರ ಭಾಷೆಗಳಿಗೆ ಅವಕಾಶವುಂಟು, ಕಡ್ಡಾಯವಿಲ್ಲ. ಕನ್ನಡದಲ್ಲಿ ಓದುಬರಹ ಕಲಿತ ರೈತನೋ ವ್ಯಾಪಾರಿಯೋ ತನ್ನ ಮಕ್ಕಳ ಓದಿಗೆಂದು ಹಣ ತೆತ್ತು ಕೊಳ್ಳುವ ವಸ್ತುವಿನ ವಿವರವು ಆತ ಓದಲಾರದ ಅಕ್ಷರಗಳಲ್ಲಿ ಅಚ್ಚಾಗಿದ್ದರೆ, ತಿಳಿಯುವ ಆ ಹಕ್ಕು ಆತನ ಕೈಸೇರಿದಂತಾಗಲಿಲ್ಲ. ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿಯೊಂದು ವೈಫೈ ಕಾರ್ಡಿನ ಡಬ್ಬಿಯ ಮೇಲೆಯೂ ಅದು ಕೂರುವ ಸ್ಲಾಟು, ಕೆಲಸ ಮಾಡುವ ಪ್ರೊಸೆಸರು, ಬಳಸುವ ತರಂಗಪಟ್ಟಿ, ಡ್ರೈವರ್ ದೊರೆಯುವ ಆಪರೇಟಿಂಗ್ ಸಿಸ್ಟಂ ಇವುಗಳನ್ನು ಕನ್ನಡದಲ್ಲಿ ಅಚ್ಚು ಮಾಡಬೇಕೆಂದು ಸರ್ಕಾರವು ತಯಾರಕರನ್ನು ಒತ್ತಾಯಿಸಬೇಕು. ಅದು ಆಗುವವರೆಗೆ, ಗ್ರಾಹಕರು ತಮ್ಮ ಯಂತ್ರದ ಮಾದರಿ ಸಂಖ್ಯೆಯನ್ನೂ ರೌಟರಿನ ಅಡಿಯ ಚೀಟಿಯ ಫೋಟೋವನ್ನೂ ಜೊತೆಗೆ ಒಯ್ದು, ಯಂತ್ರದಲ್ಲಿ ನಡೆಯದಿದ್ದರೆ ಹಿಂತೆಗೆದುಕೊಳ್ಳುವೆವೆಂಬ ಮಾತನ್ನು ಬಿಲ್ಲಿನ ಮೇಲೆಯೇ ಅಂಗಡಿಯವರಿಂದ ಬರೆಯಿಸಿಕೊಳ್ಳಲಿ. ಪ್ರಾಮಾಣಿಕನಾದ ವರ್ತಕನು ಇದಕ್ಕೆ ಹಿಂಜರಿಯಬೇಕಾದ ಕಾರಣವಿಲ್ಲ.