ಸಂಶೋಧನಾಲಯಕ್ಕೆ ಶಾಸನದ ಆಸರೆ

ಸಂಶೋಧನೆಯ ಆಯುಷ್ಯವು ಸರ್ಕಾರಗಳ ಆಯುಷ್ಯಕ್ಕಿಂತ ದೀರ್ಘವಾದುದು. ದನಗಳ ದೊಡ್ಡರೋಗವನ್ನು ತಡೆಯಲೆಂದು ಮೈಸೂರು ಸಂಸ್ಥಾನವು 1925ರಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಆ ರೋಗವು ಲೋಕದಿಂದ ನಿರ್ಮೂಲವಾಯಿತೆಂಬ ಘೋಷಣೆ ಬಂದುದು 2011ರಲ್ಲಿ. ಈ ನಡುವೆ ಸಂಸ್ಥಾನವೇ ಇಲ್ಲವಾಯಿತು. ಸಂಸ್ಥೆಯು ಹೆಸರು ಬದಲಿಸಿಕೊಂಡು ಹೆಬ್ಬಾಳದಲ್ಲಿ ಇಂದಿಗೂ ಲಸಿಕೆಗಳನ್ನು ತಯಾರಿಸುತ್ತಿದೆ. ಇಷ್ಟು ದೀರ್ಘಕಾಲ ಬಾಳಬೇಕಾದ ಸಂಸ್ಥೆಗಳಿಗೆ ಬುನಾದಿ ಯಾವುದಿರಬೇಕು ಎಂಬುದು ವಿಚಾರವಂತರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ, ಕೃಷಿ ವಿಶ್ವವಿದ್ಯಾನಿಲಯದ ನೆರೆಯಲ್ಲಿ ಆಕರಕೋಶಗಳ ಅಧ್ಯಯನಕ್ಕೆಂದು ಕೇಂದ್ರ ಸರ್ಕಾರವು ಕಟ್ಟಿದ ‘ಇನ್‌ಸ್ಟೆಮ್’ ಸಂಸ್ಥೆಯಿದೆ. ಕೀಟನಾಶಕದ ವಿಷವು ರೈತನ ಮೈಗೆ ತಾಗುವ ಮುನ್ನವೇ ಅದನ್ನು ನಿಷ್ಕ್ರಿಯಗೊಳಿಸುವ ಬಟ್ಟೆಯನ್ನು ಇಲ್ಲಿನ ವಿಜ್ಞಾನಿಗಳು ರೂಪಿಸಿದರು. ‘ಕಿಸಾನ್ ಕವಚ’ವೆಂಬ ಆ ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಬರಿಮೈಯಲ್ಲಿ ಔಷಧಿ ಸಿಂಪಡಿಸುವ ನಮ್ಮ ಬೇಸಾಯಗಾರನಿಗೆ ಇದು ಪ್ರಾಣದ ವಿಷಯ.

ಆದರೆ ಇನ್‌ಸ್ಟೆಮ್ ಶಾಸನದಿಂದ ಹುಟ್ಟಿದುದಲ್ಲ. 2023ರಲ್ಲಿ ಇದನ್ನೂ ಒಳಗೊಂಡು ಜೈವಿಕ ತಂತ್ರಜ್ಞಾನ ಇಲಾಖೆಯ 14 ಸಂಸ್ಥೆಗಳನ್ನು ಒಂದೇ ಮಂಡಳಿಯ ಅಧೀನಕ್ಕೆ ತರಲಾಯಿತು. ಆ ಮಂಡಳಿಯೂ ನೋಂದಾಯಿತ ಸಂಘವೇ. ಈ ಏರ್ಪಾಡು ತಪ್ಪೆಂದು ನಾನು ಹೇಳುತ್ತಿಲ್ಲ. ಹದಿನಾಲ್ಕು ಪ್ರಯೋಗಾಲಯಗಳ ಆಡಳಿತವನ್ನು ಮಾರ್ಪಡಿಸಲು ಮಸೂದೆಯ ಅಗತ್ಯವೇ ಬೀಳಲಿಲ್ಲವೆಂಬುದು ನನ್ನ ಕಳವಳ. ಅದೇ ವರ್ಷ ಸಂಶೋಧನೆಗೆ ಧನಸಹಾಯ ನೀಡುವ ರಾಷ್ಟ್ರೀಯ ಪ್ರತಿಷ್ಠಾನಕ್ಕಾಗಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಹಣ ಕೊಡುವವರಿಗೆ ಶಾಸನ, ದುಡಿಯುವವರಿಗೆ ಬೈಲಾ!

ಇದಕ್ಕೆ ಭಿನ್ನವಾದ ದಾರಿಯ ನಿದರ್ಶನ ಇದೇ ನಗರದ ದಕ್ಷಿಣಭಾಗದಲ್ಲಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ 1974ರಲ್ಲಿ ಸಂಘವಾಗಿಯೇ ಆರಂಭವಾದುದು. ಅದಕ್ಕೆ ಶಾಸನಬದ್ಧ ರೂಪ ಕೊಡುವ ಮಸೂದೆ 2010ರಲ್ಲಿ ರಾಜ್ಯಸಭೆಯ ಮುಂದೆ ಬಂದು, ಸ್ಥಾಯೀ ಸಮಿತಿಯ ಪರಿಶೀಲನೆಗೆ ಒಳಪಟ್ಟು, 2012ರಲ್ಲಿ ಕಾಯಿದೆಯಾಯಿತು. ಅದರಂತೆ ಸಂಸ್ಥೆಯ ವಾರ್ಷಿಕ ವರದಿಯೂ ಲೆಕ್ಕಪರಿಶೋಧನೆಯ ವರದಿಯೂ ಸಂಸತ್ತಿನ ಮುಂದೆ ಬರಬೇಕು. ಮೂಲ ಕಟ್ಟಳೆಯನ್ನು ಬದಲಿಸಬೇಕಾದರೂ ಅಲ್ಲಿಯೇ ಚರ್ಚೆ ನಡೆಯಬೇಕು.

ಶಾಸನವು ಬಿಗಿ, ಸಂಘವು ಚುರುಕು ಎಂಬ ಆಕ್ಷೇಪಣೆಯುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹೊಸ ವಿಷಯವನ್ನು ಕೈಗೆತ್ತಿಕೊಳ್ಳಲು ವಿಜ್ಞಾನಿಯು ದೆಹಲಿಯ ಅಪ್ಪಣೆಗೆ ಕಾಯುವಂತಾದರೆ ಕಾಯಿದೆಯೇ ಕಾಲಿನ ತೊಡಕಾದೀತು. ಕಾಯಿದೆಯೊಂದರಿಂದಲೇ ಅನುದಾನ ಹರಿದುಬರುವುದಿಲ್ಲ, ಖಾಲಿ ಹುದ್ದೆಗಳು ತುಂಬುವುದೂ ಇಲ್ಲ. ಆದುದರಿಂದ ನಾನು ಬಯಸುವುದು ಮಿತವಾದ ಶಾಸನ. ಸಂಸ್ಥೆಯ ಉದ್ದೇಶ, ನಿರ್ದೇಶಕರ ನೇಮಕದ ರೀತಿ, ಲೆಕ್ಕಪತ್ರದ ಹೊಣೆ, ಸಂಶೋಧನೆಯ ಫಲವು ಬಡವನ ಕೈಗೆಟಕುವ ಬಗೆ, ಈ ನಾಲ್ಕನ್ನು ಅದು ನಿಶ್ಚಯಿಸಲಿ. ಏನನ್ನು ಹೇಗೆ ಶೋಧಿಸಬೇಕೆಂಬುದನ್ನು ವಿಜ್ಞಾನಿಗಳ ವಿವೇಕಕ್ಕೆ ಬಿಡಲಿ.

ಸಾರ್ವಜನಿಕರ ಹಣದಿಂದ ಮನುಷ್ಯದೇಹವನ್ನು ಕುರಿತು ಶೋಧಿಸುವ ಸಂಸ್ಥೆಯೊಂದು ಹುಟ್ಟುವಾಗಲೂ ಮಾರ್ಪಡುವಾಗಲೂ ಸಾರ್ವಜನಿಕರ ಪ್ರತಿನಿಧಿಗಳು ಒಮ್ಮೆ ಬಾಯಿಬಿಟ್ಟು ಚರ್ಚಿಸಲಿ ಎಂಬುದು ಅತಿಯಾದ ಬಯಕೆಯೆಂದು ನನಗೆ ತೋರುವುದಿಲ್ಲ.